‘ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರಲ್ವಾ?’

ಪ್ರಶ್ನೆ: ನನ್ನ ತಮ್ಮ ಮಿಲಿಟರಿಯಲ್ಲಿದ್ದಾನೆ. ಈ ಸಲ ರಜೆಗೆ ಬಂದವನು ಮೊದಲಿನ ಹಾಗಿಲ್ಲ. ಮಾತು ಕಡಿಮೆ, ರಾತ್ರಿ ನಿದ್ದೆ ಇಲ್ಲ. ‘ನಾ ಇದ್ದು ಏನ್ ಮಾಡೋದೈತಿ’ ಅಂತಾನೆ. ಅಲ್ಲಿ ಅವನಿಗೊಬ್ಬ ‘ಬಡ್ಡಿ’ ಇದ್ದಾನಂತೆ. ಅವನೇನು ಮಾಡ್ತಾನೆ? ನಾವೇ ನೇರವಾಗಿ ಸಾಯುವ ಮಾತು ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರಲ್ವಾ?
– ರಾಣೆಬೆನ್ನೂರು ಕಡೆಯ ಓದುಗರು

ಈ ಕೊನೆಯ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದೆನೋ, ಲೆಕ್ಕ ಇಟ್ಟಿಲ್ಲ. ರೈತರ ಬಗ್ಗೆ ಬರೆದಾಗ ಇದೇ ಪ್ರಶ್ನೆ. ಪಿಯುಸಿ ಮಕ್ಕಳ ಬಗ್ಗೆ ಬರೆದಾಗ ಇದೇ. ಈಗ ಸೈನಿಕರ ವಿಷಯಕ್ಕೂ ಇದೇ. ಇರಲಿ, ಇನ್ನೊಮ್ಮೆ ಹೇಳುತ್ತೇನೆ. ಬರಲ್ಲ. ಕೇಳಿ. ಇವತ್ತೇ ಕೇಳಿ.

ಮೊದಲು ಬಡ್ಡಿ. ಇದು ಸಾಲದ ಬಡ್ಡಿ ಅಲ್ಲ, ಜೊತೆಗಾರ. ಸೇನೆಯಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡುತ್ತಾರೆ. ಒಬ್ಬನ ಮೇಲೆ ಇನ್ನೊಬ್ಬನ ಕಣ್ಣು. ಸಿಯಾಚಿನ್ ಅಂದರೆ ಏನು ಅಂತ ಧಾರವಾಡ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ, 2016ರಲ್ಲಿ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ಕಳೆದುಕೊಂಡವರು ನಾವು. ಅಲ್ಲಿ ಹಿಮದ ಮೇಲೆ ನಡೆಯುವಾಗ ಒಂದೇ ಹಗ್ಗಕ್ಕೆ ಎಲ್ಲರೂ ತಮ್ಮನ್ನು ಕಟ್ಟಿಕೊಂಡಿರುತ್ತಾರೆ. ಒಬ್ಬ ಬಿರುಕಿಗೆ ಬಿದ್ದರೆ ಉಳಿದವರು ಹಿಡಿಯುತ್ತಾರೆ. ಬಡ್ಡಿಯ ಕೆಲಸವೂ ಅದೇ, ಹಗ್ಗ ಮಾತ್ರ ಕಾಣಲ್ಲ.

ಡಾಕ್ಟರ್ ಇರುವಾಗ ಇವನ್ಯಾಕೆ? ಸೇನೆಯಲ್ಲಿ ಆರೋಗ್ಯದ ದರ್ಜೆಗೆ ‘ಶೇಪ್’ ಅಂತಾರೆ. ಅದರ ಐದು ಇಂಗ್ಲಿಷ್ ಅಕ್ಷರ ಅಂದರೆ ಐದು ಬಗೆಯ ಪರೀಕ್ಷೆ, ಮೊದಲ ಅಕ್ಷರವೇ ಮನಸ್ಸಿನದು. ಅಲ್ಲಿ ಗ್ರೇಡ್ ಇಳಿದರೆ ಪ್ರಮೋಷನ್ ಹೋಗುತ್ತದೆ ಅನ್ನುವ ಹೆದರಿಕೆ ಇದ್ದೇ ಇರುತ್ತದೆ. ಬಡ್ಡಿಯ ಹತ್ತಿರ ರಿಜಿಸ್ಟರ್ ಇರಲ್ಲ. ಅದಕ್ಕೇ ಮೊದಲ ಮಾತು ಅವನ ಹತ್ತಿರ ಬರುತ್ತದೆ.

ಈಗ ನಿಮ್ಮ ಹೆದರಿಕೆಗೆ ಬರೋಣ. ನಮ್ಮ ಕಡೆ ರಾತ್ರಿ ಹೊತ್ತು ‘ಹಾವು’ ಅನ್ನಲ್ಲ, ‘ಹುಳ’ ಅಂತೀವಿ. ಹೆಸರು ಹೇಳಿದರೆ ಬಂದುಬಿಡುತ್ತದಂತೆ. ನನ್ನ ಅಜ್ಜಿಯೂ ಹಾಗೇ ಅನ್ನುತ್ತಿದ್ದಳು. ಆದರೆ ಹುಳ ಅಂದರೂ ಹಾವು ಅಂದರೂ ಬಣವಿಯೊಳಗೆ ಇದ್ದದ್ದು ಇದ್ದೇ ಇರುತ್ತಿತ್ತು, ಇಲ್ಲದ್ದು ಇರುತ್ತಿರಲಿಲ್ಲ. ಸಾವಿನ ಯೋಚನೆಯ ಲೆಕ್ಕವೂ ಇಷ್ಟೇ.

ಇದು ಬರೀ ನನ್ನ ಮಾತಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರು ಹೈಸ್ಕೂಲುಗಳಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಮಕ್ಕಳ ಮೇಲೆ ಇದನ್ನು ಪರೀಕ್ಷೆ ಮಾಡಿದ್ದಾರೆ, 2005ರಲ್ಲಿ ಫಲಿತಾಂಶ ಬಂತು. ಅರ್ಧ ಮಕ್ಕಳಿಗೆ ಆತ್ಮಹತ್ಯೆಯ ಪ್ರಶ್ನೆ ಕೇಳಿದರು, ಅರ್ಧ ಮಕ್ಕಳಿಗೆ ಕೇಳಲಿಲ್ಲ. ಕೇಳಿಸಿಕೊಂಡವರಲ್ಲಿ ಅಂಥ ಯೋಚನೆ ಹೆಚ್ಚಲಿಲ್ಲ. ಮೊದಲೇ ಖಿನ್ನತೆ ಇದ್ದ ಮಕ್ಕಳಲ್ಲಿ, ಕೇಳಿಸಿಕೊಂಡವರ ಸಂಕಟ ಉಳಿದವರಿಗಿಂತ ಕಡಿಮೆ ಇತ್ತು. ಯಾರೋ ಒಬ್ಬರು ಕೇಳಿದರಲ್ಲ ಅಂತ ಇರಬೇಕು.

‘ಟಿವಿಯಲ್ಲಿ ನೋಡಿ ಮಾಡಿಕೊಂಡರು ಅಂತಾರಲ್ಲ ಸರ್?’ ಈ ಪ್ರಶ್ನೆಯೂ ಬರುತ್ತದೆ, ಗೊತ್ತು. ಅದು ಬೇರೆ. ಸಾವನ್ನು ಬಣ್ಣ ಹಚ್ಚಿ, ಹೇಗೆ ಅಂತ ವಿವರಿಸಿ, ದಿನಗಟ್ಟಲೆ ತೋರಿಸಿದರೆ ಸಂಕಟದಲ್ಲಿ ಇರುವವರಿಗೆ ಅಪಾಯ ನಿಜ. ಎದುರಿಗೆ ಕೂತು ‘ನಿನಗೆ ಹಾಗನಿಸ್ತಿದೆಯಾ?’ ಅಂತ ಕೇಳುವುದು ಅದಕ್ಕೆ ಪೂರಾ ಉಲ್ಟಾ. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ಇನ್ನೊಂದು ತಪ್ಪು ಜಾಸ್ತಿ ನೋಡುತ್ತೇನೆ. ಧೈರ್ಯ ಮಾಡಿ ಕೇಳುತ್ತಾರೆ, ಆದರೆ ಹೇಗೆ? ‘ಹುಚ್ಚು ವಿಚಾರ ಏನೂ ಇಲ್ಲ ಅಲ್ವಾ?’ ಇದು ಪ್ರಶ್ನೆಯೇ ಅಲ್ಲ. ‘ಇಲ್ಲ’ ಅಂತ ಉತ್ತರವನ್ನೂ ನೀವೇ ಬರೆದುಕೊಟ್ಟಿದ್ದೀರಿ, ಅವನು ಸಹಿ ಹಾಕಬೇಕು ಅಷ್ಟೇ.

ನಮ್ಮ ಓಣಿಯಲ್ಲಿ ಪೆನ್ಶನ್ ಬಂದ ಹವಾಲ್ದಾರರೊಬ್ಬರಿದ್ದಾರೆ. ಅವರು ಹೇಳಿದ್ದು: “ನನ್ನ ಬಡ್ಡಿ ಮೂರ್ ದಿನ ಬೂಟ್ ಪಾಲಿಶ್ ಮಾಡಿದ್ದಿಲ್ಲರೀ. ಊರಿಂದ ಬಂದ ಶೇಂಗಾ ಹೋಳಿಗಿ ಡಬ್ಬಿ ಬಿಚ್ಚಿದ್ದಿಲ್ಲ. ಚಾ ಮಾಡ್ಕೊಂಡ್ ಬಾಜೂಕ ಕುಂತೆ. ‘ಸಾಯೂ ವಿಚಾರ ಬಂದೈತೇನಲೇ?’ ಅಂದೆ. ಭಾಳ ಹೊತ್ತು ಸುಮ್ಮಿದ್ದ. ಆಮ್ಯಾಲೆ ‘ಹೂಂ’ ಅಂದ. ರಾತ್ರಿ ಪೂರಾ ಬಿಟ್ಟು ಹೋಗಲಿಲ್ಲ. ಮುಂಜಾನೆ ಸಾಹೇಬ್ರ ಕಡೆ ಕರ್ಕೊಂಡ್ ಹೋದೆ.”

ಇವರಿಗೆ ಯಾರೂ ಪಾಠ ಮಾಡಿರಲಿಲ್ಲ. ಅಮೆರಿಕದ ಸೇನೆ ಇದನ್ನೇ ಮೂರು ಮಾತಲ್ಲಿ ಕಲಿಸುತ್ತದೆ: ಕೇಳು, ಕಾಳಜಿ ಮಾಡು, ಕರೆದುಕೊಂಡು ಹೋಗು. ಕನ್ನಡದಲ್ಲಿ ಮೂರಕ್ಕೂ ‘ಕ’ ಸಿಕ್ಕಿದ್ದಕ್ಕೆ ನನಗೆ ಸ್ವಲ್ಪ ಹೆಮ್ಮೆ ಇದೆ, ನೆನಪಿಟ್ಟುಕೊಳ್ಳಲು ಸುಲಭ. ಗುಟ್ಟಾಗಿ ಇಡ್ತೀನಿ ಅಂತ ಮಾತ್ರ ಆಣೆ ಮಾಡಬೇಡಿ. ಮೂರನೇ ‘ಕ’ಕ್ಕೆ ಅದೇ ಅಡ್ಡಗಾಲು.

ಕಾಳಜಿಯಲ್ಲಿ ಅಪಾಯದ ವಸ್ತು ದೂರ ಇಡುವುದೂ ಬಂತು. 2006ರಲ್ಲಿ ಇಸ್ರೇಲ್ ಸೇನೆ ವಾರದ ರಜೆಗೆ ಮನೆಗೆ ಹೋಗುವವರು ಬಂದೂಕು ಬಿಟ್ಟು ಹೋಗಬೇಕು ಅಂತ ಮಾಡಿತು. ಆತ್ಮಹತ್ಯೆ 40% ಇಳಿಯಿತು. ಆ ಗಳಿಗೆ ದಾಟಿದರೆ ಎಷ್ಟೋ ಜನ ಉಳಿಯುತ್ತಾರೆ. ನಿಮ್ಮ ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧ ಇದ್ದರೆ ಬೀಗ ಹಾಕಿ.

ಬಡ್ಡಿ ಒಬ್ಬನಿಂದಲೇ ಎಲ್ಲ ಆಗುತ್ತದೆ ಅಂತಲ್ಲ. ಅಮೆರಿಕದ ವಾಯುಪಡೆ 1996ರಲ್ಲಿ ಶುರು ಮಾಡಿದ ಕಾರ್ಯಕ್ರಮದಲ್ಲಿ ಸಹಾಯ ಕೇಳುವುದು ತಪ್ಪಲ್ಲ ಅಂತ ಮೇಲಧಿಕಾರಿಗಳೇ ಹೇಳತೊಡಗಿದರು, ಜೊತೆಗಾರರಿಗೂ ತರಬೇತಿ ಕೊಟ್ಟರು. ಆತ್ಮಹತ್ಯೆಯ ಅಪಾಯ ಮೂರರಲ್ಲಿ ಒಂದು ಪಾಲು ಇಳಿಯಿತು. ಸಾಹೇಬರೇ ಬೈಯುವವರಾದರೆ ಬಡ್ಡಿ ಕರೆದುಕೊಂಡು ಹೋಗುವುದಾದರೂ ಎಲ್ಲಿಗೆ?

ನಿಮ್ಮ ತಮ್ಮ ಈಗ ಮನೆಯಲ್ಲಿದ್ದಾನೆ, ಅಂದರೆ ಈಗ ನೀವೇ ಬಡ್ಡಿ. ಹತ್ತು ಜನರ ಮುಂದೆ ಬೇಡ, ಹೊಲದ ಕಡೆ ಇಬ್ಬರೇ ನಡೆಯುವಾಗ ಕೇಳಿ. ‘ಹೂಂ’ ಅಂದರೆ ಒಬ್ಬನನ್ನೇ ಬಿಡಬೇಡಿ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸೇನೆಯವರಿಗಾಗಿಯೇ 2023ರ ಡಿಸೆಂಬರ್‌ನಿಂದ ಪುಣೆಯಲ್ಲಿ ಅದರ ಬೇರೆ ವಿಭಾಗವಿದೆ. ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ನಿಮಗೇನು ದೂರವಲ್ಲ.

ನೀವು ಕೇಳದ ಒಂದು ಮಾತು. ಹೊಲದ ಬಾಂದಿನ ಜಗಳ, ಅತ್ತೆ-ಸೊಸೆ ಜಗಳ, ಎಲ್ಲ ರಾತ್ರಿ ಫೋನ್‌ನಲ್ಲಿ ಅವನಿಗೆ ಒಪ್ಪಿಸಬೇಕಾ? ಮುಚ್ಚಿಡಿ ಅನ್ನಲ್ಲ, ಬೇರೆಯವರ ಬಾಯಿಂದ ಕೇಳಿದರೆ ಇನ್ನೂ ಕೆಟ್ಟದ್ದು. ಆದರೆ ಅಲ್ಲಿಂದ ಅವನೇನೂ ಮಾಡಲಾರ. ಮಾಡುವವರು ಇಲ್ಲಿದ್ದಾರೆ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಅರ್ಜಿ ಕೊಡಿ. ಅವನ ಯೂನಿಟ್ಟಿನ ಕಮಾಂಡಿಂಗ್ ಆಫೀಸರ್ ನಿಮ್ಮ ಜಿಲ್ಲೆಯ ಡಿಸಿಯವರಿಗೆ ಪತ್ರ ಬರೆಯಬಹುದು. ಕಠಿಣ ಜಾಗದಲ್ಲಿ ಡ್ಯೂಟಿ ಮೇಲಿರುವ ಸೈನಿಕನ ಕೋರ್ಟ್ ಕೇಸು ತಡೆದು ನಿಲ್ಲಿಸಲು 1925ರಷ್ಟು ಹಿಂದೆಯೇ ಕಾನೂನು ಬಂದಿದೆ. ಮುಂದಿನ ಸಲ ಬಾಂದಿನ ವಿಷಯ ಹೇಳುವಾಗ ‘ಅರ್ಜಿ ಕೊಟ್ಟೇನಿ, ನಂಬರ್ ಇಷ್ಟು’ ಅಂತ ಅದನ್ನೂ ಸೇರಿಸಿ ಹೇಳಿ.