ಮಳೆ ಮತ್ತು ಭೂಕಂಪ ಕೂಡಿದಾಗ ಇಳಿಜಾರಿನ ಲೆಕ್ಕ

ಮಳೆಗೊಮ್ಮೆ, ಭೂಕಂಪಕ್ಕೊಮ್ಮೆ ಬೇರೆ ಬೇರೆ ಲೆಕ್ಕ ಹಾಕಿ ‘ಎರಡರಲ್ಲೂ ಪಾಸು’ ಎಂದು ಬರೆದರೆ ಇಳಿಜಾರು ಭದ್ರ ಎಂದಾಗುವುದಿಲ್ಲ. ಅಂಕಿಗಳಲ್ಲೇ ನೋಡಿ.

ಇಳಿಜಾರು 30 ಡಿಗ್ರಿ, ಜಾರುತಲ (ಯಾವ ತಲದ ಮೇಲೆ ಮಣ್ಣು ಜಾರಬಹುದೋ ಅದು) ಮೇಲ್ಮೈಗೆ ಸಮಾಂತರವಾಗಿ 2 ಮೀಟರ್ ಆಳದಲ್ಲಿದೆ. ಮಣ್ಣಿನ ತೂಕ ಘನಮೀಟರಿಗೆ 18 ಕಿಲೋನ್ಯೂಟನ್, ಸಂಸಕ್ತಿ (ಮಣ್ಣಿನ ಕಣಗಳ ಅಂಟು) 5 ಕಿಲೋಪಾಸ್ಕಲ್, ಘರ್ಷಣಾ ಕೋನ (ಕಣಗಳ ತಿಕ್ಕಾಟದ ಅಳತೆ) 32 ಡಿಗ್ರಿ. ಜಾರುತಲದ ಮೇಲೆ ಲಂಬ ಒತ್ತಡ 27, ಕೆಳಗೆಳೆಯುವ ಒತ್ತಡ 15.6 ಕಿಲೋಪಾಸ್ಕಲ್. ತಡೆ = 5 + 27 × 0.625 = 21.9 (0.625 ಎಂದರೆ tan 32°). ಇದನ್ನು 15.6ರಿಂದ ಭಾಗಿಸಿದರೆ ಸುರಕ್ಷತಾ ಗುಣಾಂಕ 1.40. ಇದು 1ಕ್ಕಿಂತ ಕೆಳಗಿಳಿದರೆ ತಡೆಗಿಂತ ಎಳೆತ ಹೆಚ್ಚು ಎಂದರ್ಥ.

ಮಳೆ ಬಂದು ನೀರು ಜಾರುತಲದಿಂದ 1 ಮೀಟರ್ ಮೇಲಕ್ಕೇರಿ ಇಳಿಜಾರಿನುದ್ದಕ್ಕೂ ಹರಿಯುತ್ತಿದ್ದರೆ ರಂಧ್ರಜಲ ಒತ್ತಡ (ಮಣ್ಣಿನ ಸಂದುಗಳಲ್ಲಿನ ನೀರಿನ ಒತ್ತಡ) 7.4. ಇದನ್ನು 27ರಿಂದ ಕಳೆದು ಲೆಕ್ಕ ಹಾಕಿದರೆ ಗುಣಾಂಕ 1.11. (ನೆನೆದ ಮಣ್ಣಿನ ಹೆಚ್ಚುವರಿ ತೂಕವನ್ನು ಇಲ್ಲಿ ಹಿಡಿದಿಲ್ಲ.) ಒಣ ಮಣ್ಣಿಗೆ 0.1 ಭೂಕಂಪ ಗುಣಾಂಕ ಕೊಟ್ಟರೆ, ಅಂದರೆ ಮಣ್ಣಿನ ತೂಕದ ಹತ್ತನೇ ಒಂದರಷ್ಟು ಬಲ ಅಡ್ಡವಾಗಿ ಹೊರಕ್ಕೆ ತಳ್ಳುತ್ತದೆ ಎಂದು ಹಿಡಿದರೆ, ಎಳೆತ 18.3ಕ್ಕೇರುತ್ತದೆ, ಲಂಬ ಒತ್ತಡ 25.4ಕ್ಕಿಳಿಯುತ್ತದೆ: 1.14. ಎರಡೂ ಒಟ್ಟಿಗೆ ಬಂದರೆ 0.89.

0.89 ಬಂದ ಕೂಡಲೇ ಗುಡ್ಡ ಕುಸಿಯಿತು ಎಂದು ಬರೆಯಬೇಡಿ. ಕಂಪನದ ಎಳೆತ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತದೆ. ಮಣ್ಣು ಕೆಲವೇ ಸೆಂಟಿಮೀಟರ್ ಸರಿದು ನಿಲ್ಲಲೂಬಹುದು. ಆ ಸರಿತವನ್ನು ಅಳೆಯಲು ನ್ಯೂಮಾರ್ಕ್ ವಿಧಾನವಿದೆ. ಆದರೆ ನೆನೆದ ಸಡಿಲ ಮರಳಿನಲ್ಲಿ ಅಲುಗಾಟವೇ ರಂಧ್ರಜಲ ಒತ್ತಡವನ್ನು ಏರಿಸುತ್ತದೆ. ಅದು 7.4ರಿಂದ 10ಕ್ಕೆ ಹೋದರೆ ಗುಣಾಂಕ 0.80. ಮೇಲಿನ ಸರಳ ಲೆಕ್ಕ ಇದನ್ನು ತಾನಾಗಿ ತೋರಿಸುವುದಿಲ್ಲ. ಜಪಾನಿನ ನೀಗಾಟದಲ್ಲಿ 2004ರ ಅಕ್ಟೋಬರ್ 23ರ ಭೂಕಂಪಕ್ಕೆ ಸಾವಿರಾರು ಕಡೆ ಗುಡ್ಡ ಜಾರಿತು. ಮೂರು ದಿನ ಮೊದಲಷ್ಟೇ ಟೋಕಾಗೆ ಚಂಡಮಾರುತ ಮಳೆ ಸುರಿಸಿ ಹೋಗಿತ್ತು.

ಕ್ರಮ ತಿರುಗಿಸಿದರೆ, ಅಂದರೆ ಮೊದಲು ಕಂಪನ, ಆಮೇಲೆ ಮಳೆ ಬಂದರೆ, ಲೆಕ್ಕವೇ ಬೇರೆ. ವಿದ್ಯಾರ್ಥಿಗಳು ಹೆಚ್ಚಾಗಿ ಬಿಡುವುದು ಇದನ್ನೇ. ಕಂಪನ ನಿಂತಿದೆ, ಆದ್ದರಿಂದ ಭೂಕಂಪ ಗುಣಾಂಕ ಸೊನ್ನೆ. ಆದರೆ ಬಿರುಕು ಬಿಟ್ಟ ಮಣ್ಣಿನ ಸಂಸಕ್ತಿಯನ್ನೂ ಸೊನ್ನೆ ಎಂದೇ ಹಿಡಿಯಿರಿ. ಒಣಗಿದ್ದಾಗ ಗುಣಾಂಕ 1.08, ಇಳಿಜಾರು ಇನ್ನೂ ನಿಂತಿರುತ್ತದೆ. ಕಂಪನಕ್ಕೆ ಮೊದಲು ಅದನ್ನು ಜಾರಿಸಲು ನೀರು ಜಾರುತಲದಿಂದ 1.37 ಮೀಟರ್ ಏರಬೇಕಿತ್ತು, ಈಗ 28 ಸೆಂಟಿಮೀಟರ್ ಸಾಕು. ಮೇಲಾಗಿ ಬಿರುಕುಗಳೇ ನೀರನ್ನು ಒಳಗೆ ಬಿಡುತ್ತವೆ. ಚೀನಾದ ವೆಂಚುವಾನ್‌ನಲ್ಲಿ 2008ರ ಭೂಕಂಪದ ನಂತರ ವರ್ಷಗಟ್ಟಲೆ ಮಳೆಗಾಲದಲ್ಲಿ ಕಲ್ಲು-ಕೆಸರಿನ ಪ್ರವಾಹಗಳು ಬಂದವು. ಹಾಗಾಗಿ ಮಳೆಯ ಎಚ್ಚರಿಕೆ ಮಿತಿಯನ್ನು ಕಂಪನದ ನಂತರ ಇಳಿಸಬೇಕು.

ಕಾಡ್ಗಿಚ್ಚಿನ ನಂತರದ ಮಳೆಗೆ ಈ ಸೂತ್ರ ಹಾಕಬೇಡಿ. ಸುಟ್ಟ ನೆಲ ನೀರು ಹೀರದು. ಮೇಲ್ಮೈಯಲ್ಲೇ ಹರಿಯುವ ನೀರು ಮಣ್ಣನ್ನು ಕೊರೆದುಕೊಂಡು ಹೋಗುತ್ತದೆ. ಅಲ್ಲಿ ದಿನದ ಒಟ್ಟು ಮಳೆಗಿಂತ ಕೆಲವೇ ನಿಮಿಷಗಳ ರಭಸ ಮುಖ್ಯ. ಸತ್ತ ಮರಗಳ ಬೇರು ಕೊಳೆತು ಹಿಡಿತ ತಪ್ಪುವುದು ಕೆಲವು ವರ್ಷಗಳ ನಂತರ. ಈ ಸೂತ್ರ ಬೇಕಾಗುವುದು ಆಗ.