ಕಿಟಕಿ ಸ್ವಲ್ಪ ತೆಗೆದಿಟ್ಟರೆ ನಾಯಿಗೆ ಸಾಕಲ್ವಾ?

ಪ್ರಶ್ನೆ: "ಗಾಡಿಯಲ್ಲೇ ಮನೆ ಮಾಡಿಕೊಂಡು ನಾಯಿ ಜೊತೆ ಊರೂರು ತಿರುಗುತ್ತೀರಲ್ಲ, ಬಾದಾಮಿ, ಗೋಳಗುಮ್ಮಟ ನೋಡೋಕೆ ಇಳಿದಾಗ ನಾಯಿನ ಎಲ್ಲಿ ಬಿಡ್ತೀರಿ? ಕಿಟಕಿ ಒಂದಿಷ್ಟು ತೆಗೆದಿಟ್ಟು ಒಳಗೇ ಬಿಟ್ಟರೆ ಸಾಕಲ್ವಾ?"

ಸಾಕಾಗಲ್ಲ. ಇದಕ್ಕೆ ನಾನು ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಫೋನಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಹೇಳಿದ್ದೇ ಹೇಳಿದ್ದೇನೆ. ಇವತ್ತು ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನಮ್ಮದು ಟೆಂಪೊ ಟ್ರಾವೆಲರ್. ಆರ್‌ಟಿಒ ಒಪ್ಪಿಗೆ ಪಡೆದು ಹಿಂದಿನ ಸೀಟು ತೆಗೆಸಿ ಮಂಚ, ಒಲೆ, ನೀರಿನ ಟ್ಯಾಂಕ್ ಕೂಡಿಸಿದ್ದೇವೆ. ಒಳಗೆ ನಾನು, ನಮ್ಮವರು, ಮತ್ತೆ ಕೆಂಚಿ. ಕೆಂಚಿ ಮುಧೋಳ ನಾಯಿ, ಐದು ವರ್ಷದವಳು. ಬೆಳಗಾವಿಯಿಂದ ನಸುಕಿನಲ್ಲೇ ಹೊರಟು, ಯರಗಟ್ಟಿ ದಾಟಿ, ಲೋಕಾಪುರದಲ್ಲಿ ಚಹಾ ಕುಡಿದು, ಬಿಸಿಲೇರುವ ಮೊದಲೇ ಬಾದಾಮಿ ಸೇರುತ್ತೇವೆ. ಪುರಾತತ್ವ ಇಲಾಖೆಯ ಸ್ಮಾರಕದೊಳಗೆ ನಾಯಿ ಬಿಡುವುದಿಲ್ಲ. 1959ರ ನಿಯಮದಲ್ಲೇ ಹಾಗಿದೆ, ಗೇಟಿನಲ್ಲಿ ನಿಂತವರ ಜೊತೆ ವಾದ ಮಾಡಬೇಡಿ. ಬಾದಾಮಿಯಲ್ಲಂತೂ ಗುಹೆಯ ಮೆಟ್ಟಿಲ ಮೇಲೆಲ್ಲ ಮಂಗಗಳು, ನಾಯಿ ಹೊರಗಿರುವುದೇ ಒಳ್ಳೆಯದು. ನಾನು ನಾಲ್ಕು ಗುಹೆ ನೋಡಿ ಬರುವವರೆಗೆ ನಮ್ಮವರು ಕೆಂಚಿಯ ಜೊತೆ ಮರದ ಕೆಳಗೆ ಕೂರುತ್ತಾರೆ. ಆಮೇಲೆ ಅವರು ಹೋಗುತ್ತಾರೆ, ನಾನು ಕೂರುತ್ತೇನೆ. ಒಂದು ಗಂಟೆಯ ಕೆಲಸಕ್ಕೆ ಎರಡು ಗಂಟೆ ಹಿಡಿಯುತ್ತದೆ. ಇಷ್ಟೇ ಉತ್ತರ.

ಇಷ್ಟಕ್ಕೆ ಯಾರೂ ಒಪ್ಪುವುದಿಲ್ಲ, ನನಗೆ ಗೊತ್ತು. "ಕಿಟಕಿ ಒಂದೀಟು ತೆರದ ಬಿಡ್ರಿ ಅಕ್ಕಾರ, ಏನೂ ಆಗಂಗಿಲ್ರೀ" ಅನ್ನುತ್ತಾರೆ. ಆಗುತ್ತದೆ ರೀ.

ಬಿಸಿಲು ಗಾಜಿನಿಂದ ಒಳಗೆ ಬಂದು ಮೊದಲು ಸೀಟು, ಡ್ಯಾಶ್‌ಬೋರ್ಡ್, ನೆಲದ ಮ್ಯಾಟ್ ಕಾಯಿಸುತ್ತದೆ. ಕಾದ ಸೀಟು ಗಾಳಿಯನ್ನು ಕಾಯಿಸುತ್ತದೆ. ಎರಡು ಬೆರಳಷ್ಟು ಸಂದಿಯಿಂದ ಎಷ್ಟು ಬಿಸಿಗಾಳಿ ಆಚೆ ಹೋದೀತು? ಗಾಡಿ ಓಡುವಾಗ ಆ ಸಂದಿಯಿಂದ ಗಾಳಿ ನುಗ್ಗುತ್ತದೆ ನಿಜ. ನಿಂತ ಗಾಡಿಗೆ ಅದು ಬರೀ ಸಂದಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದನ್ನೇ ಅಳೆದು 2005ರಲ್ಲಿ ಪ್ರಕಟಿಸಿದ್ದಾರೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತು. ಅದರಲ್ಲಿ ಶೇ. 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಏರಿಬಿಟ್ಟಿತ್ತು. ಕಿಟಕಿ ಒಂದೂವರೆ ಇಂಚು ಇಳಿಸಿ ನೋಡಿದಾಗಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ.

"ಅದು ಕಾರು, ನಿಮ್ಮದು ದೊಡ್ಡ ಗಾಡಿ" ಅಂದರು ಒಬ್ಬರು. ಸರಿ ಅಂತ ನಾನೇ ನೋಡಿದೆ. ಮಾರ್ಚ್ ತಿಂಗಳು, ಆಲಮಟ್ಟಿ ಹತ್ತಿರ ಬಯಲಲ್ಲಿ ಗಾಡಿ ನಿಲ್ಲಿಸಿದೆವು. ಕೆಂಚಿ ನಮ್ಮವರ ಜೊತೆ ಹೊರಗೆ ಬೇವಿನ ನೆರಳಲ್ಲಿ. ಒಳಗೆ ಮಂಚದ ಕಾಲಿಗೆ, ಅವಳು ಮಲಗುವ ಎತ್ತರಕ್ಕೆ ಸರಿಯಾಗಿ ಥರ್ಮಾಮೀಟರ್ ಕಟ್ಟಿದೆ. ಎರಡೂ ಕಡೆ ಕಿಟಕಿ ಮೂರು ಬೆರಳಷ್ಟು ತೆಗೆದಿಟ್ಟೆ. ನೆರಳಲ್ಲಿ 34 ಇತ್ತು. ಇಪ್ಪತ್ತು ನಿಮಿಷ ಬಿಟ್ಟು ಬಾಗಿಲು ಎಳೆದರೆ ಒಳಗೆ 44. ಮಂಚದ ಕಬ್ಬಿಣದ ಪಟ್ಟಿ ಮುಟ್ಟಿದವಳು ಕೈ ಹಿಂದಕ್ಕೆ ಎಳೆದುಕೊಂಡೆ. ಅವತ್ತಿನಿಂದ ಈ ವಿಷಯದಲ್ಲಿ ನಾನು ಯಾರ ಮಾತಿಗೂ ಬಗ್ಗುವುದಿಲ್ಲ.

ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನಲ್ಲಿ ಸ್ವಲ್ಪ ಬೆವರುತ್ತದೆ, ಅದು ಲೆಕ್ಕಕ್ಕಿಲ್ಲ. ನಾಲಿಗೆ ಚಾಚಿ ಏದುಸಿರು ಬಿಡುವುದೇ ಅದರ ದಾರಿ. ನಾಲಿಗೆಯ, ಬಾಯೊಳಗಿನ ತೇವ ಆರಿದಾಗ ಮೈ ತಂಪಾಗುತ್ತದೆ. ಮುಚ್ಚಿದ ಗಾಡಿಯಲ್ಲಿ ಅದೇ ಉಸಿರಿನ ತೇವ ಒಳಗೇ ತುಂಬಿಕೊಳ್ಳುತ್ತದೆ. ಆಮೇಲೆ ಎಷ್ಟು ಏದುಸಿರು ಬಿಟ್ಟರೂ ತೇವ ಆರುವುದಿಲ್ಲ. ನಾಯಿಯ ಮೈ ಸಹಜವಾಗಿಯೇ 38ರಿಂದ 39 ಡಿಗ್ರಿ ಇರುತ್ತದೆ. 41 ದಾಟಿದರೆ ಜೀವಕ್ಕೇ ಅಪಾಯ. ನಡುವೆ ಇರುವುದು ಎರಡು, ಮೂರು ಡಿಗ್ರಿ ಅಷ್ಟೇ. ಎಸಿ ಹಾಕಿ ಬಿಟ್ಟು ಹೋಗುತ್ತೇವೆ ಅನ್ನುವವರಿಗೂ ಇದನ್ನೇ ಹೇಳುತ್ತೇನೆ. ಎಂಜಿನ್ ಬಂದ್ ಬಿದ್ದರೆ ಗುಹೆಯೊಳಗಿರುವ ನಿಮಗೆ ಗೊತ್ತಾಗುವುದು ಹೇಗೆ?

ಕಡೆಗೆ ಒಂದು ಮಾತು ಬಂದೇ ಬರುತ್ತದೆ. "ಮುಧೋಳ ನಾಯಿ ಅಲ್ಲೇನ್ರೀ, ನಮ್ಮ ಬಿಸಲಿಗೇ ಹುಟ್ಟಿದ್ದು." ನನಗೂ ಆ ತಳಿ ಅಂದರೆ ಜೀವ. 2005ರಲ್ಲಿ ಅದರ ಚಿತ್ರ ಅಂಚೆ ಚೀಟಿ ಮೇಲೆ ಬಂದಾಗ ನಮ್ಮ ಭಾಗದವರಿಗೆಲ್ಲ ಎಷ್ಟು ಹೆಮ್ಮೆ! ಸಣ್ಣ ಕೂದಲು, ತೆಳು ಮೈ, ಉದ್ದ ಮೂತಿ. ಚಪ್ಪಟೆ ಮೂತಿಯ ಪಗ್‌ಗಿಂತ ಬಿಸಿಲು ಜಾಸ್ತಿ ತಾಳುತ್ತದೆ, ಅದು ಸುಳ್ಳಲ್ಲ. ಆದರೆ ಹೇಗೆ ತಾಳುತ್ತದೆ ಅಂತ ಬೀಳಗಿ ಕಡೆಯ ಒಬ್ಬ ಕುರಿಗಾರ ಅಜ್ಜನಿಂದ ನಾನು ಕಲಿತೆ. ಮಟಮಟ ಮಧ್ಯಾಹ್ನ ಅವರ ನಾಯಿ ಕಾಣಲಿಲ್ಲ. ಎಲ್ಲಿ ಅಂದೆ. ಜಾಲಿ ಮರದ ಬುಡ ತೋರಿಸಿದರು. ಮಣ್ಣು ಕೆದರಿ, ತಂಪು ಮಣ್ಣು ಸಿಗುವವರೆಗೆ ತಗ್ಗು ತೋಡಿ, ಹೊಟ್ಟೆ ನೆಲಕ್ಕೆ ಒತ್ತಿ ಮಲಗಿತ್ತು. "ಈ ಹೊತ್ನ್ಯಾಗ ಅದು ಏಳಂಗಿಲ್ಲವ್ವಾ. ಅದಕ್ಕ ತಿಳಿತೈತಿ" ಅಂದರು. ಬಿಸಿಲಿಗೆ ಹುಟ್ಟಿದ ನಾಯಿಗೆ ನೆರಳು ಹುಡುಕುವುದು ಗೊತ್ತು. ಗಾಡಿಯೊಳಗೆ ಕೂಡಿಹಾಕಿದರೆ ಅದು ಎಲ್ಲಿ ತಗ್ಗು ತೋಡಬೇಕು?

ಜೊಲ್ಲು ಅಂಟಂಟಾದರೆ, ಒಸಡು ಕಡುಗೆಂಪಾದರೆ, ನಡಿಗೆ ತೂರಾಡಿದರೆ ತಡ ಮಾಡಬೇಡಿ. ಮೊದಲು ನೆರಳಿಗೆ ತಂದು ಮೈತುಂಬ ನೀರು ಸುರಿಯಿರಿ, ಗಾಳಿ ಹಾಕಿ, ಆಮೇಲೆ ಪಶು ಆಸ್ಪತ್ರೆಗೆ ಓಡಿ. ಒದ್ದೆ ಗೋಣಿಚೀಲ ಹೊದಿಸಿ ಹಾಗೇ ಬಿಡಬೇಡಿ, ಕಾವು ಒಳಗೇ ಉಳಿಯುತ್ತದೆ.

ಇನ್ನೊಂದು ವಿಷಯ ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು. ಗಾಡಿಯಿಂದ ಇಳಿಸುವುದು ಹೇಗೆ? ಮುಧೋಳ ನಾಯಿ ವಾಸನೆಗಿಂತ ಕಣ್ಣಿನಿಂದ ಬೇಟೆ ಹುಡುಕುವ ತಳಿ. ದೂರದಲ್ಲಿ ಏನಾದರೂ ಓಡಿದರೆ ಸಾಕು, ಹೆಸರು ಹಿಡಿದು ಕೂಗಿದ್ದು ಕಿವಿಗೆ ಬೀಳುವುದಿಲ್ಲ. ಗದ್ದನಕೇರಿ ಕ್ರಾಸ್ ದಾಟಿ ಒಮ್ಮೆ ನಿಲ್ಲಿಸಿದ್ದೆವು. ರಸ್ತೆಯಾಚೆ ಕುರಿ ಹಿಂಡು. ಜಾರುವ ಬಾಗಿಲು ಒಂದು ಗೇಣು ತೆರೆದಿತ್ತು ಅಷ್ಟೇ, ಕೆಂಚಿಯ ತಲೆ ಆಗಲೇ ಆಚೆ. ಕೊರಳಪಟ್ಟಿ ಕೈಗೆ ಸಿಕ್ಕಿದ್ದು ನಮ್ಮ ಪುಣ್ಯ, ಆ ಕಡೆಯಿಂದ ಕಬ್ಬು ತುಂಬಿದ ಟ್ರ್ಯಾಕ್ಟರ್ ಬರುತ್ತಿತ್ತು. ಈಗ ಎದೆಗೆ ಬೆಲ್ಟ್ ಕಟ್ಟಿ, ಹಗ್ಗ ನನ್ನ ಮಣಿಕಟ್ಟಿಗೆ ಸುತ್ತಿಕೊಳ್ಳದೆ ಬಾಗಿಲು ಮುಟ್ಟುವುದೇ ಇಲ್ಲ.

ಆ ದಿನ ಸಂಜೆ ಕೃಷ್ಣೆಯ ಸೇತುವೆ ದಾಟಿ ಕೊಲ್ಹಾರದಲ್ಲಿ ನಿಲ್ಲಿಸಿದೆವು. ಹೊತ್ತು ಇಳಿದಿದ್ದರೂ ಡಾಂಬರಿಗೆ ಅಂಗೈಯ ಹಿಂಭಾಗ ಒತ್ತಿದರೆ ಐದು ಎಣಿಸುವಷ್ಟು ಹೊತ್ತೂ ಇಡಲಾಗಲಿಲ್ಲ. ಅಂಗಡಿಯಿಂದ ಗಡಿಗೆ ಮೊಸರು ತಂದು ನಾವು ಬುತ್ತಿಯ ರೊಟ್ಟಿ ಜೊತೆ ಉಂಡೆವು. ಕೆಂಚಿ ಗಾಡಿಯ ಬಾಗಿಲಲ್ಲಿ, ನನ್ನ ಪಕ್ಕದಲ್ಲಿ, ಹಗ್ಗದ ಜೊತೆ ಕೂತಳು. ಕತ್ತಲಾದ ಮೇಲೆ ಮತ್ತೆ ಕೈ ಇಟ್ಟು ನೋಡಿದೆ. ರಸ್ತೆ ಆರಿತ್ತು. ಆಗ ಇಳಿಸಿದೆ.