ಕಾರಿನ ಗ್ಲಾಸ್ ಮಂಜಾಗಲು ಚಳಿಯೊಂದೇ ಕಾರಣವಲ್ಲ

ಡಿಸೆಂಬರ್ ಬಂತೆಂದರೆ ಕೊಡಗಿನಲ್ಲಿ ಕಾರು ಇಟ್ಟುಕೊಂಡವರದ್ದು ಒಂದೇ ದೂರು. ಬೆಳಿಗ್ಗೆ ಗಾಡಿ ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದಿನ ಗ್ಲಾಸ್ ಒಳಗಿನಿಂದ ಬೆಳ್ಳಗಾಗುತ್ತದೆ. ಬ್ಲೋವರ್ ಹಾಕಿದರೂ ಬಿಡುವುದಿಲ್ಲ. "ಮಡಿಕೇರಿ ಚಳಿ ಅಲ್ವಾ, ಏನ್ಮಾಡೋದು" ಅಂತ ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದು ಕೈಯಲ್ಲಿ ಬಟ್ಟೆ ಹಿಡಿದೇ ಓಡಿಸುತ್ತಾರೆ. ಚಳಿಯ ಪಾಲು ಇದರಲ್ಲಿ ಅರ್ಧ ಮಾತ್ರ. ಉಳಿದದ್ದು ನೀರಿನ ಕೆಲಸ. ಆ ನೀರನ್ನು ಹೊರಗೆ ಸಾಗಿಸಬೇಕಾದ ಗಾಳಿಗೆ ಎಲ್ಲೋ ದಾರಿ ಕಟ್ಟಿರುತ್ತದೆ.

ಲೆಕ್ಕ ಹಾಕಿ ನೋಡಿ. ಸುಮ್ನೆ ಕೂತಿರುವ ಒಬ್ಬ ಮನುಷ್ಯನ ಉಸಿರು ಮತ್ತು ಚರ್ಮದಿಂದ ಗಂಟೆಗೆ ಸುಮಾರು 40 ಗ್ರಾಂ ನೀರು ಆವಿಯಾಗಿ ಹೋಗುತ್ತದೆ. ನಾಲ್ಕು ಜನ ಇದ್ದರೆ 160 ಗ್ರಾಂ. ಸಣ್ಣ ಕಾರಿನೊಳಗೆ ಇರುವ ಗಾಳಿ ಹೆಚ್ಚೆಂದರೆ 3 ಘನ ಮೀಟರ್. ಒಂದು ಘನ ಮೀಟರ್ ಗಾಳಿ 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಆವಿ ಹಿಡಿದುಕೊಳ್ಳುತ್ತದೆ. 10 ಡಿಗ್ರಿಗೆ ಇಳಿದರೆ 9 ಗ್ರಾಂ ದಾಟುವುದು ಕಷ್ಟ. ಕಾರಿನೊಳಗೆ ಬೆಚ್ಚಗಿದ್ದರೂ ಗ್ಲಾಸಿಗೆ ತಾಗಿದ ಗಾಳಿ ಹೆಚ್ಚುಕಡಿಮೆ ಹೊರಗಿನಷ್ಟೇ ತಣ್ಣಗಾಗುತ್ತದೆ. ಅಲ್ಲಿ ಹಿಡಿಸದ ಆವಿ ನೀರಾಗಿ ಗ್ಲಾಸಿನ ಮೇಲೆ ಕೂರುತ್ತದೆ. ಒಳಗಿನ ಗಾಳಿ ಬದಲಾಗದಿದ್ದರೆ ಇದಕ್ಕೆ ಹತ್ತು ನಿಮಿಷ ಸಾಕು. ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ, ಮಳೆಯಲ್ಲಂತೂ ಒದ್ದೆ ಕೊಡೆ, ಕೆಸರು ಮೆತ್ತಿದ ಬೂಟು, ಹಿಂದಿನ ಸೀಟಿನಲ್ಲಿ ತೋಟದ ನಾಯಿ ಎಲ್ಲ ಸೇರಿ ಅಷ್ಟು ಹೊತ್ತೂ ಬೇಕಾಗುವುದಿಲ್ಲ.

ಚಳಿಯಲ್ಲಿ ಎಸಿ ಹಾಕಿ ಅಂದರೆ ಜನ ನಗುತ್ತಾರೆ. ಆದರೆ 1902ರಲ್ಲಿ ಅಮೆರಿಕದ ವಿಲ್ಲಿಸ್ ಕ್ಯಾರಿಯರ್ ಮೊದಲ ಆಧುನಿಕ ಎಸಿಯ ನಕ್ಷೆ ಮಾಡಿದ್ದೇ ಬ್ರೂಕ್ಲಿನ್‌ನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ತೇವ ಕಡಿಮೆ ಮಾಡಲಿಕ್ಕೆ. ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಕಾರಿನಲ್ಲೂ ಅದೇ ಕೆಲಸ ನಡೆಯುತ್ತದೆ. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಗಾಳಿಯ ತೇವ ಹನಿಯಾಗಿ ಇಳಿದು, ಪೈಪಿನಲ್ಲಿ ರಸ್ತೆಗೆ ಬೀಳುತ್ತದೆ. ಒಣಗಿದ ಆ ಗಾಳಿ ಹೀಟರ್ ಮೇಲೆ ಹಾದು ಬೆಚ್ಚಗಾಗಿ ಗ್ಲಾಸಿಗೆ ಬಡಿಯುತ್ತದೆ. ಹಾಗಾಗಿ ಎಸಿ ಮತ್ತು ಹೀಟರ್ ಎರಡನ್ನೂ ಒಟ್ಟಿಗೆ ಹಾಕಿ, ಹೊರಗಿನ ಗಾಳಿಯ ದಾರಿ ತೆರೆದಿಡಿ. ಕಾರಿನ ಚಿತ್ರದೊಳಗೆ ಬಾಣ ಸುತ್ತು ತಿರುಗಿದಂತಿರುವ ಬಟನ್ ಆಫ್ ಇರಲಿ. ಗ್ಲಾಸ್ ತಿಳಿಯಾಯಿತು ಅಂತ ತಕ್ಷಣ ಎಸಿ ನಿಲ್ಲಿಸಬೇಡಿ. ಕಾಯಿಲ್ ಮೇಲೆ ಉಳಿದ ನೀರು ಮತ್ತೆ ಆವಿಯಾಗಿ ಒಂದೇ ಸಲಕ್ಕೆ ಗ್ಲಾಸ್ ಮುಚ್ಚಿಬಿಡುತ್ತದೆ. ಘಾಟಿ ತಿರುವಿನಲ್ಲಿ ಹೀಗಾದರೆ ಎದೆ ಧಸಕ್ ಅನ್ನುತ್ತದೆ.

ಇಷ್ಟೆಲ್ಲ ಮಾಡಿದರೂ ಸರಿಹೋಗದಿದ್ದರೆ ರಿಪೇರಿಯ ಮಾತು. ಬ್ಲೋವರ್ 1, 2, 3ರಲ್ಲಿ ಸದ್ದೇ ಇಲ್ಲ, 4ಕ್ಕೆ ತಿರುಗಿಸಿದರೆ ಮಾತ್ರ ಗುಂಯ್ ಅನ್ನುತ್ತದೆ: ಇದು ತೀರಾ ಮಾಮೂಲಿ ಕೇಸ್. ನಾಬ್ ಇರುವ ಕಾರುಗಳಲ್ಲಿ ಫ್ಯಾನಿನ ವೇಗ ತಗ್ಗಿಸಲು ಕರೆಂಟನ್ನು ರೆಸಿಸ್ಟರ್ ಅನ್ನುವ ತಡೆಯ ಮೂಲಕ ಹಾಯಿಸುತ್ತಾರೆ. ಪೂರ್ತಿ ವೇಗದಲ್ಲಿ ಅದನ್ನು ಬಿಟ್ಟು ಕರೆಂಟ್ ನೇರ ಮೋಟರಿಗೆ ಹೋಗುತ್ತದೆ. ಹಾಗಾಗಿ 4ರಲ್ಲಿ ಓಡಿದರೆ ಮೋಟರ್ ಸರಿಯಿದೆ, ರೆಸಿಸ್ಟರ್ ಸುಟ್ಟಿದೆ ಅಂತ ಗ್ಯಾರೇಜಿಗೆ ಹೋಗುವ ಮೊದಲೇ ಊಹಿಸಬಹುದು. ಇದು ಅಂಗೈಯಗಲದ ಸಣ್ಣ ಪಾರ್ಟ್, ಬದಲಾಯಿಸುವುದೂ ಸುಲಭ.

ಆದರೆ ಹೊಸ ರೆಸಿಸ್ಟರ್ ಹಾಕಿಸಿ ಕೆಲವೇ ತಿಂಗಳಿಗೆ ಅದೂ ಸುಟ್ಟರೆ? ರೆಸಿಸ್ಟರ್ ಕೆಲಸ ಮಾಡುವಾಗ ಬಿಸಿಯಾಗುತ್ತದೆ. ಅದಕ್ಕೇ ಅದನ್ನು ಬ್ಲೋವರಿನ ಗಾಳಿ ಬೀಸುವ ಜಾಗದಲ್ಲೇ ಕೂರಿಸಿರುತ್ತಾರೆ. ಗಾಳಿ ಸರಿಯಾಗಿ ಬೀಸದಿದ್ದರೆ ಅದು ತನ್ನ ಬಿಸಿಗೆ ತಾನೇ ಸುಟ್ಟುಕೊಳ್ಳುತ್ತದೆ. ಆಗ ಗಾಳಿಯ ಧೂಳು ಸೋಸುವ ಎಸಿ ಫಿಲ್ಟರ್ ಕಟ್ಟಿದೆಯಾ ನೋಡಬೇಕು. ಹೆಚ್ಚಿನ ಕಾರುಗಳಲ್ಲಿ ಇದು ಗ್ಲೋವ್ ಬಾಕ್ಸ್ ಹಿಂದೆಯೇ ಇರುತ್ತದೆ, ಸ್ಕ್ರೂಡ್ರೈವರ್ ಕೂಡ ಬೇಕಾಗುವುದಿಲ್ಲ. ವಿರಾಜಪೇಟೆ ಕಡೆಯ ತೋಟದ ಕಾರೊಂದರ ಫಿಲ್ಟರನ್ನು ಮೆಕ್ಯಾನಿಕ್ ಎಳೆದು ತೆಗೆದಾಗ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಬಿಳಿ ಕಾಗದದ ಮಡಿಕೆಗಳು ಪೂರ್ತಿ ಕಪ್ಪಾಗಿದ್ದವು. ನಡುವೆ ಸಿಲ್ವರ್ ಓಕ್ ಎಲೆಯ ಚೂರು, ಒಂದು ಮೂಲೆಯಲ್ಲಿ ಇಲಿ ಕಡಿದು ರಾಶಿ ಹಾಕಿದ ಸೀಟಿನ ಸ್ಪಂಜು. ಅದನ್ನು ಕೊಡವಿದಾಗ ಬಂದ ವಾಸನೆ ಬೇಡ ಬಿಡಿ. "ಇದನ್ನ ಮೊದಲೇ ತೆಗೆದಿದ್ರೆ ರೆಸಿಸ್ಟರಿಗೆ ಎರಡು ಸಲ ದುಡ್ಡು ಕೊಡೋದು ತಪ್ತಿತ್ತು ಸಾರ್" ಅಂದರು ಅವರು, ಕಾರಿನ ಯಜಮಾನರಿಗೆ. ಹೊಸ ಫಿಲ್ಟರ್ ಹಾಕುವಾಗ ಅದರ ಮೇಲಿನ ಬಾಣ ಗಾಳಿ ಹೋಗುವ ದಿಕ್ಕಿಗೇ ಇರಲಿ.

ಸಿಲ್ವರ್ ಓಕಿನ ಉಪದ್ರ ಅಲ್ಲಿಗೇ ಮುಗಿಯುವುದಿಲ್ಲ. ಹೊರಗಿನ ಗಾಳಿ ಒಳಗೆ ಬರುವುದು ವೈಪರ್ ಕೆಳಗಿನ ಜಾಲರಿಯಿಂದ. ಮರದಡಿ ನಿಲ್ಲಿಸಿದ ಕಾರಿನಲ್ಲಿ ಎಲೆ ಅಲ್ಲೇ ಕೊಳೆತು ನೀರು ಹೋಗುವ ತೂತು ಮುಚ್ಚುತ್ತದೆ. ಕೆಲವು ಕಾರುಗಳಲ್ಲಿ ಆ ನೀರು ಒಳಗೇ ಇಳಿದು ಮ್ಯಾಟಿನ ಅಡಿ ಸೇರುತ್ತದೆ. ಎಸಿ ನೀರಿನ ಪೈಪ್ ಕಟ್ಟಿದರೂ ಅದೇ ಗತಿ. ಮುಂದಿನ ಎಡ ಸೀಟಿನ ಮ್ಯಾಟ್ ಎತ್ತಿ ಕೈಯಿಂದ ಒತ್ತಿ ನೋಡಿ. ಕೆಳಗಿನ ಕಾರ್ಪೆಟ್ ಒದ್ದೆಯಿದ್ದರೆ ಯಾವ ಬ್ಲೋವರೂ ನಿಮ್ಮ ಗ್ಲಾಸನ್ನು ಉಳಿಸಲಾರದು. ಆ ಒದ್ದೆಗೆ ಸಿಹಿ ವಾಸನೆ ಇದ್ದು, ಗ್ಲಾಸಿನ ಮೇಲೆ ಜಿಡ್ಡು ಕೂತಿದ್ದರೆ ಅದು ಮಳೆನೀರಲ್ಲ, ಎಂಜಿನ್ನಿನ ಬಿಸಿಯನ್ನು ಹೀಟರಿಗೆ ತರುವ ದ್ರವ, ಕೂಲೆಂಟ್. ಹೀಟರ್ ಸೋರುತ್ತಿದೆ, ತಡಮಾಡದೆ ತೋರಿಸಿ.

ಒಳಗೆ ಬಂದ ಗಾಳಿ ಹೊರಗೂ ಹೋಗಬೇಕಲ್ಲ. ಅದಕ್ಕೆ ಡಿಕ್ಕಿಯ ಕಡೆ, ಸಾಮಾನ್ಯವಾಗಿ ಹಿಂದಿನ ಬಂಪರಿನ ಮರೆಯಲ್ಲಿ, ರಬ್ಬರ್ ರೆಕ್ಕೆಗಳ ಕಿಂಡಿ ಇರುತ್ತದೆ. ಡಿಕ್ಕಿಯಲ್ಲಿ ಕಾಫಿ ಚೀಲ ಒತ್ತಿ ತುಂಬಿದರೆ ಗಾಳಿ ಆ ಕಿಂಡಿ ತಲುಪುವುದೇ ಕಷ್ಟ. ಮುಂದೆ ಎಷ್ಟು ಜೋರಾಗಿ ಊದಿದರೂ ಹೊಸ ಗಾಳಿಗೆ ಜಾಗ ಸಿಗುವುದಿಲ್ಲ.

ಹೀಟರಿನ ಬಿಸಿ ಎಂಜಿನ್‌ನಿಂದಲೇ ಬರುತ್ತದೆ. ಕೂಲೆಂಟ್ 90 ಡಿಗ್ರಿಯ ಹತ್ತಿರ ಇರಬೇಕು. ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್, ಅಂದರೆ ಥರ್ಮೋಸ್ಟಾಟ್, ತೆರೆದೇ ಸಿಕ್ಕಿಕೊಂಡರೆ ಏರಿನಲ್ಲಿ ಬಿಸಿ ಗಾಳಿ, ಇಳಿಜಾರಿನಲ್ಲಿ ತಣ್ಣನೆ ಗಾಳಿ. ಕೊಡಗಿನ ರಸ್ತೆಗಳಲ್ಲಿ ಈ ದೋಷ ಬಹಳ ಬೇಗ ಗೊತ್ತಾಗುತ್ತದೆ. ಕೂಲೆಂಟ್ ಕಡಿಮೆಯಾದರೂ ಹೀಟರ್ ತಣ್ಣಗಾಗುತ್ತದೆ. ಎಂಜಿನ್ ಬಿಸಿಯಿರುವಾಗ ಕೂಲೆಂಟಿನ ಮುಚ್ಚಳವನ್ನು ಮಾತ್ರ ತೆಗೆಯಬೇಡಿ, ಕೈ ಸುಡುತ್ತದೆ.

ಇನ್ನು ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಸುಳ್ಯದ ಕಡೆ ಹೋಗುವವರಿಗೆ ಇನ್ನೊಂದು ತಾಪತ್ರಯ. ಹೆಚ್ಚುಕಡಿಮೆ ಸಾವಿರ ಮೀಟರ್ ಕೆಳಗೆ ಬಂದಿರುತ್ತೀರಿ, ಹೊರಗಿನ ಗಾಳಿ ಬೆಚ್ಚಗೆ, ಒದ್ದೆಯಾಗಿ ಇರುತ್ತದೆ. ಎಸಿ ತಣ್ಣಗೆ ಊದುತ್ತಿದ್ದರೆ ಗ್ಲಾಸ್ ಈಗ ಹೊರಗಿನಿಂದ ಮಂಜಾಗುತ್ತದೆ. ಒಳಗೆ ಎಷ್ಟು ಒರೆಸಿದರೂ ಅಷ್ಟೇ. ವೈಪರ್ ಒಂದು ಸಲ ಆಡಿಸಿ, ನಾಬನ್ನು ಬಿಸಿಯ ಕಡೆ ಸ್ವಲ್ಪ ತಿರುಗಿಸಿ, ಗಾಳಿಯನ್ನು ಗ್ಲಾಸಿನಿಂದ ಕಾಲಿನ ಕಡೆಗೆ ಬದಲಾಯಿಸಿ.